ಚೇತರಿಸಿಕೊಳ್ಳುವವರ ತಟ್ಟೆಗೂ ಡಯಟ್ ಚಾರ್ಟೇ?

2023ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ‘ಟೆಸ್ಸಾ’ ಎಂಬ ತನ್ನ ಚಾಟ್‌ಬಾಟ್‌ನ ಬಾಯಿ ಮುಚ್ಚಿಸಬೇಕಾಯಿತು. ಅನೊರೆಕ್ಸಿಯಾ, ಬುಲಿಮಿಯಾದಂಥ ಊಟದ ಗೀಳಿನ ಕಾಯಿಲೆಗಳ (ಈಟಿಂಗ್ ಡಿಸಾರ್ಡರ್) ಅಂಚಿನಲ್ಲಿರುವವರಿಗೆ ನೆರವಾಗಲೆಂದೇ ಇಟ್ಟುಕೊಂಡಿದ್ದ ಬಾಟ್ ಅದು. ನೆರವು ಕೇಳಿದವರಿಗೆ ಅದು ಕೊಟ್ಟ ಉತ್ತರ ಹೀಗಿತ್ತು: ದಿನಕ್ಕೆ 500ರಿಂದ 1,000 ಕ್ಯಾಲೊರಿ ಕಡಿಮೆ ತಿನ್ನಿ, ವಾರಕ್ಕೆ ಒಂದೆರಡು ಪೌಂಡ್ ಇಳಿಸಿ, ತೂಕ ನೋಡಿಕೊಳ್ಳುತ್ತಿರಿ. ಶರನ್ ಮ್ಯಾಕ್ಸ್‌ವೆಲ್ ಎಂಬ ಕಾರ್ಯಕರ್ತೆ ಇದನ್ನು ಬಯಲಿಗೆಳೆದಾಗ ಸಂಸ್ಥೆಯವರು ಮೊದಲು ಸುಳ್ಳು ಎಂದರು. ಸ್ಕ್ರೀನ್‌ಶಾಟ್ ಕಣ್ಣಿಗೆ ಬಿದ್ದ ಮೇಲೆ ಬಾಟ್ ಅನ್ನು ತೆಗೆದರು.

ಆಗ ನಡೆದ ಗಲಾಟೆಯೆಲ್ಲ ಯಂತ್ರದ ಸುತ್ತಲೇ. ಸಹಾಯವಾಣಿಯ ಸಿಬ್ಬಂದಿ ಯೂನಿಯನ್ ಕಟ್ಟಿಕೊಂಡರು, ಅದರ ಬೆನ್ನಿಗೇ ಸಹಾಯವಾಣಿ ಮುಚ್ಚುವ ತೀರ್ಮಾನ ಬಂತು, ಮನುಷ್ಯರ ಜಾಗಕ್ಕೆ ಬಾಟ್ ಬಂದು ಕೂತಿತು ಎಂಬ ದೂರು. ದೂರಿನಲ್ಲಿ ಹುರುಳಿತ್ತು. ಆದರೆ ನನಗೆ ಕಂಡ ಹಾಗೆ ಅಸಲು ಸಂಗತಿ ಬೇರೆ. ಟೆಸ್ಸಾ ತಪ್ಪುತಪ್ಪಾಗಿ ಏನೂ ಬಡಬಡಿಸಲಿಲ್ಲ. ನಮ್ಮ ಜಿಮ್ ಟ್ರೇನರ್, ಪಕ್ಕದ ಮನೆಯವರು, ಬೆಳಗಿನ ಟಿವಿ ಕಾರ್ಯಕ್ರಮದ ತಜ್ಞೆ ದಿನವೂ ಹೇಳುವುದನ್ನೇ ಚಾಚೂ ತಪ್ಪದೆ ಹೇಳಿತು. ಎಲ್ಲರಿಗೂ ಒಳ್ಳೆಯದೆಂದು ನಾವು ನಂಬಿರುವ ಬುದ್ಧಿಮಾತು ಈ ರೋಗಿಗೆ ವಿಷ. ಇದನ್ನು ಒಪ್ಪಿಕೊಳ್ಳುವುದು ಯಂತ್ರವನ್ನು ಬೈದಷ್ಟು ಸುಲಭವಲ್ಲ.

ವಿಷ ಅಂದದ್ದು ಉತ್ಪ್ರೇಕ್ಷೆ ಅನ್ನಿಸಿದರೆ 1944ಕ್ಕೆ ಹೋಗಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ 36 ಯುವಕರ ಮೇಲೆ ಹಸಿವಿನ ಪ್ರಯೋಗ ನಡೆಸಿದ. ಮೈ ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿಕೊಂಡಿದ್ದ. 24 ವಾರ ಅವರಿಗೆ ಸಿಕ್ಕಿದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ಈಗಿನ ಡಯಟ್ ಚಾರ್ಟ್‌ಗಳ 1,200ಕ್ಕಿಂತ ಅದು ಧಾರಾಳವೇ! ಅವರು ಮೈತೂಕದ ಕಾಲು ಭಾಗ ಕಳೆದುಕೊಂಡರು. ಅದಕ್ಕಿಂತ ವಿಚಿತ್ರ ಎಂದರೆ, ಒಲೆಯ ಮುಂದೆ ನಿಂತು ಗೊತ್ತಿಲ್ಲದ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು. ಸಿಕ್ಕಿದ ತುತ್ತನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ತಿಂದರು, ತಟ್ಟೆ ನೆಕ್ಕಿದರು, ಮಂಕಾದರು. ಒಬ್ಬ ಕೊಡಲಿಯಿಂದ ತನ್ನ ಬೆರಳುಗಳನ್ನೇ ಕಡಿದುಕೊಂಡ. ಹೊಟ್ಟೆ ತುಂಬ ಊಟ ಮತ್ತೆ ಸಿಕ್ಕಿದಾಗ ಎಷ್ಟು ತಿಂದರೂ ಹಲವರ ಹಸಿವು ಹಿಂಗಲಿಲ್ಲ.

ಇವರಲ್ಲಿ ಯಾರಿಗೂ ತೆಳ್ಳಗಾಗುವ ಹುಚ್ಚಿರಲಿಲ್ಲ. ಉಪವಾಸವೇ ಅವರ ತಲೆಯೊಳಗೆ ಊಟದ ಗೀಳನ್ನು ಬಿತ್ತಿತು. ಹಾಗಿರುವಾಗ, ಆ ಗೀಳಿನಿಂದ ಈಗಷ್ಟೇ ಹೊರಗೆ ಕಾಲಿಡುತ್ತಿರುವವಳಿಗೆ ಅನ್ನ ಬಿಡು, ಸಂಜೆ ಆರರ ಮೇಲೆ ತಿನ್ನಬೇಡ ಎನ್ನುವುದು ಮತ್ತೆ ಒಳಕ್ಕೆ ತಳ್ಳಿದಂತೆ. ಚೇತರಿಕೆಯ ಊಟಕ್ಕೂ ವೈದ್ಯರ ಕಣ್ಣು ಬೇಕು, ಅದು ಬೇರೆ ಮಾತು. ತೀರಾ ಬಡಕಲಾದವರು ಒಮ್ಮೆಲೇ ಹೆಚ್ಚು ತಿಂದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತು ಬರಬಹುದು.

ನಮ್ಮ ಮನೆಗಳಲ್ಲಿ ಇದು ನಡೆಯುವ ಬಗೆಯೇ ಬೇರೆ. ತಿಂಗಳುಗಟ್ಟಲೆ ಚಿಕಿತ್ಸೆ ಪಡೆದ ಹುಡುಗಿಯ ಕೆನ್ನೆ ತುಂಬಿಕೊಳ್ಳುತ್ತಿದ್ದಂತೆ ಮದುವೆಮನೆಯ ಪಂಕ್ತಿಯಲ್ಲಿ ದೊಡ್ಡಮ್ಮ ಹೇಳುತ್ತಾರೆ: ‘ಈಗ ಲಕ್ಷಣವಾಗಿದ್ದೀಯ ನೋಡು ಪುಟ್ಟಿ. ಇನ್ನು ಸ್ವಲ್ಪ ಬಾಯಿ ಕಟ್ಟು, ಇಲ್ಲಾಂದ್ರೆ ಊದ್ಕೊಂಡು ಬಿಡ್ತೀಯ.’ ದೊಡ್ಡಮ್ಮನಿಗೆ ಕೆಟ್ಟ ಮನಸ್ಸೇನಿಲ್ಲ. ಆದರೆ ಹೋಳಿಗೆಯ ಮೇಲೆ ತುಪ್ಪ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯದೆ ಸುಮ್ಮನೆ ಕೂರುವುದನ್ನು ಆ ಹುಡುಗಿ ಎಷ್ಟು ಕಷ್ಟಪಟ್ಟು ಕಲಿತಿದ್ದಾಳೆ ಎಂಬುದು ಅವರಿಗೆ ಗೊತ್ತಿಲ್ಲ. ಆ ಒಂದು ಮಾತಿಗೆ ಕೈ ಮತ್ತೆ ಅಡ್ಡ ಬರುತ್ತದೆ. ಆಮೇಲೆ ಸೋಮವಾರ ಒಪ್ಪೊತ್ತು, ಸಂಕಷ್ಟಿ, ಏಕಾದಶಿ, ಶನಿವಾರ ಎಂದು ದಿನಗಳು ಸೇರುತ್ತಾ ಹೋಗುತ್ತವೆ. ಕಾಯಿಲೆಗೆ ಅಡಗಿಕೊಳ್ಳಲು ವ್ರತಕ್ಕಿಂತ ಒಳ್ಳೆಯ ಜಾಗವಿಲ್ಲ, ಮನೆಯವರಿಂದ ಹೊಗಳಿಕೆ ಬೇರೆ. ಲಂಘನವೇ ಪರಮೌಷಧ ಎಂಬುದು ಅಜೀರ್ಣವಾದವನಿಗೆ ಹೇಳಿದ ಮಾತು. ಊಟವೇ ಔಷಧವಾದವಳಿಗೆ ಅದನ್ನು ಒಪ್ಪಿಸಬಾರದು.

2025ರ ಮಾರ್ಚ್‌ನಲ್ಲಿ ಕೇರಳದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಊಟ ಬಿಟ್ಟು ತೀರಿಕೊಂಡಾಗ ನಮ್ಮ ವಾಹಿನಿಗಳೂ ಮರುಗಿದವು. ಯೂಟ್ಯೂಬ್ ನೋಡಿ ಕೆಟ್ಟಳು ಎಂದರು. ನೋಡಿ ಕೆಟ್ಟದ್ದು ನಿಜವಿರಬಹುದು. ಆದರೆ ಅನೊರೆಕ್ಸಿಯಾ ಹಟವೂ ಅಲ್ಲ, ಷೋಕಿಯೂ ಅಲ್ಲ. ಮನೋರೋಗಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು.

ಎದುರುವಾದ ನನಗೂ ಗೊತ್ತು. ಮಧುಮೇಹ ಮನೆಮನೆಗೂ ಬಂದಿದೆ, ಬೊಜ್ಜಿನ ವಿರುದ್ಧ ಮಾತಾಡಬಾರದೇ ಎಂದು ಕೇಳುತ್ತಾರೆ. ಮಾತಾಡಬೇಕು. ವೈದ್ಯರ ನಿಗಾದಲ್ಲಿ ನಡೆಯುವ ತೂಕದ ಚಿಕಿತ್ಸೆಯಿಂದ ಬಹುತೇಕ ಮಕ್ಕಳಿಗೆ ಈಟಿಂಗ್ ಡಿಸಾರ್ಡರ್ ಬರುವುದಿಲ್ಲ ಎಂಬ ಅಧ್ಯಯನಗಳೂ ಇವೆ. ಅಲ್ಲಿ ನಿಗಾ ಇದೆ, ಮೊಬೈಲ್ ಆ್ಯಪ್‌ನಲ್ಲಿ ಏನಿದೆ? ಇನ್ನೊಂದು: ಈ ಕಾಯಿಲೆ ಇರುವವರೆಲ್ಲ ಕಡ್ಡಿಯಂತಿರುವುದಿಲ್ಲ. ತೂಕ ಸರಿಯಾಗಿಯೋ ಹೆಚ್ಚಾಗಿಯೋ ಇದ್ದೂ ಅನೊರೆಕ್ಸಿಯಾದ ಉಳಿದೆಲ್ಲ ಲಕ್ಷಣಗಳಿರುವವರನ್ನು 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಮನೋರೋಗಗಳ ಕೈಪಿಡಿ ಗುರುತಿಸಿದೆ. ಇಂಥವರು ಹತ್ತು ಕಿಲೋ ಇಳಿದು ಕ್ಲಿನಿಕ್ಕಿಗೆ ಬಂದರೆ ಸಿಗುವುದು ಶಭಾಷ್‌ಗಿರಿ. ನಾಡಿ ಬಡಿತ ನಿಧಾನವಾಗಿದೆಯೇ, ಮುಟ್ಟು ನಿಂತಿದೆಯೇ ಎಂದು ಕೇಳುವವರು ಕಡಿಮೆ.

ಇಂಗ್ಲೆಂಡ್ 2022ರ ಏಪ್ರಿಲ್‌ನಲ್ಲಿ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಕ್ಯಾಲೊರಿ ನಮೂದಿಸುವುದನ್ನು ಕಡ್ಡಾಯ ಮಾಡಿದಾಗ ರೋಗಿಗಳ ಪರ ಸಂಘಟನೆಗಳು ದನಿಯೆತ್ತಿದ್ದವು. ಗ್ರಾಹಕರು ಕೇಳಿದರೆ ಅಂಕಿಯಿಲ್ಲದ ಮೆನು ಕೊಡಲು ಅಲ್ಲಿ ಅವಕಾಶವಿದೆ. ಇಲ್ಲಿ ಹಾಗೆ ಕೇಳಿ ನೋಡಿ, ಮಾಣಿ ಮಾಲೀಕರ ಮುಖ ನೋಡಿಯಾನು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಲಂಡನ್ನಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿಯಿದೆ. ಹೊಟ್ಟೆ ಬಿರಿದಂತಾಗಿ ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀರಾ? ಎಷ್ಟು ತಿನ್ನುತ್ತೇನೆಂಬುದು ಕೈಮೀರಿದೆ ಎಂಬ ಚಿಂತೆಯಿದೆಯೇ? ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ? ಬೇರೆಯವರು ತೆಳ್ಳಗಿದ್ದೀಯ ಎಂದರೂ ದಪ್ಪಗಿದ್ದೇನೆ ಅನ್ನಿಸುತ್ತದೆಯೇ? ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯೇ? ಐದು ನಿಮಿಷದ ಕೆಲಸ. ದುಡ್ಡು ಪಡೆದು ತೂಕ ಇಳಿಸುವ ಜಿಮ್, ಆ್ಯಪ್, ಡಯಟಿಷಿಯನ್, ಇಂಜೆಕ್ಷನ್ ಬರೆದುಕೊಡುವ ಡಾಕ್ಟರ್ ಎಲ್ಲರೂ ಮೊದಲು ಇದನ್ನು ಕೇಳಲಿ. ಹಿಂದೆ ಈ ಕಾಯಿಲೆ ಇತ್ತೇ ಎಂದೂ ಕೇಳಲಿ. ಎರಡು ಉತ್ತರ ಹೌದು ಎಂದಾದರೆ ಚಾರ್ಟ್ ಬದಿಗಿಟ್ಟು ಮನೋವೈದ್ಯರ ಬಳಿಗೆ ಕಳಿಸಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಎಲ್ಲಿಂದಲಾದರೂ ಕರೆ ಮಾಡಲು 14416ರ ಟೆಲಿ ಮನಸ್ ಇದೆ. ಡಯಟಿಷಿಯನ್‌ಗಳನ್ನೂ ಒಳಗೊಳ್ಳುವ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ 2021ರಲ್ಲೇ ಬಂದಿದೆ. ಅದರಡಿ ನಿಯಮ ಬರೆಯುವವರು ಈ ಐದು ಪ್ರಶ್ನೆಗಳನ್ನು ಕಡ್ಡಾಯ ಮಾಡಲಿ, ಕೇಳದೆ ಚಾರ್ಟ್ ಕೊಟ್ಟವರ ನೋಂದಣಿಗೆ ಕತ್ತರಿ ಬೀಳಲಿ.