ಪದ್ಮಿನಿ ಯಾಕೆ ನಿಲ್ತಾಳೆ?

ಹಳೇ ಕಾರು ನಡುದಾರಿಯಲ್ಲಿ ನಿಂತರೆ ಸುತ್ತ ಸೇರುವ ನಾಲ್ಕು ಜನ ನಾಲ್ಕು ಕಾಯಿಲೆ ಹೇಳ್ತಾರೆ. ಒಬ್ಬರು ಕಾರ್ಬೊರೇಟರ್ ಅಂತಾರೆ, ಇನ್ನೊಬ್ಬರು ಕಾಯಿಲ್ ಅಂತಾರೆ, ಮತ್ತೊಬ್ಬರು 'ಈಗಿನ ಪೆಟ್ರೋಲೇ ಸರಿ ಇಲ್ಲ ಬಿಡಿ' ಅಂತಾರೆ. ನಾಲ್ಕನೆಯವರು 'ಗುಜರಿಗೆ ಹಾಕಿ ಸಾರ್' ಅಂದು ಮಾತು ಮುಗಿಸ್ತಾರೆ. ನಮ್ಮ ಮನೆಯಲ್ಲಿ ಈ ನಾಲ್ಕನೇ ಮಾತು ಇನ್ನೇನು ನಡೆದೇಬಿಡುವುದರಲ್ಲಿತ್ತು.

ಹೊಳೆನರಸೀಪುರದ ನಮ್ಮ ಮನೆ ಮುಂದೆ ಇರೋದು ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಫಿಯಟ್ 1100ರ ವಂಶದ, 1089 ಸಿಸಿ ಎಂಜಿನ್ನಿನ ಗಾಡಿ. ಅಮ್ಮನ ಕಣ್ಣು ತೋರಿಸಲು ಹಾಸನಕ್ಕೆ, ಅತ್ತೆಯನ್ನು ನೋಡಲು ಅರಕಲಗೂಡಿಗೆ, ನೆಂಟರ ಮದುವೆ ಮುಂಜಿಗೆ ಚನ್ನರಾಯಪಟ್ಟಣಕ್ಕೆ. ಅಪ್ಪನ ಪ್ರಪಂಚ ಹೆಚ್ಚುಕಮ್ಮಿ ಇಷ್ಟರೊಳಗೇ ಇದೆ. ಕಾರು ದಾರಿಯಲ್ಲಿ ನಿಲ್ಲೋಕೆ ಶುರುವಾದ ಮೇಲೆ ಆ ಪ್ರಪಂಚ ಊರೊಳಗಿನ ತರಕಾರಿ ಮಾರ್ಕೆಟ್ಟಿಗೆ ಇಳಿಯಿತು.

"ದೋಷ ಗಾಡೀದಲ್ಲ ಕಣಪ್ಪ, ನನ್ನ ಕೈದೇ. ವಯಸ್ಸಾಯ್ತು. ಮಾರಿಬಿಡೋಣ" ಅಂದರು ಅಪ್ಪ. ಕಾರು ಹೋದರೆ ಹೋಗಲಿ, ಆ ಮೊದಲನೇ ಮಾತು ನನಗೆ ಚುಚ್ಚಿತು. ಬೆಂಗಳೂರಿಂದ ವಾರಾಂತ್ಯಕ್ಕೆ ಬಂದವನು ಒಂದು ನೋಟ್‌ಬುಕ್ ತೆರೆದೆ. ಯಾವಾಗ ನಿಲ್ತು? ಎಷ್ಟು ದೂರ ಓಡಿದ ಮೇಲೆ? ಹೇಗೆ ನಿಲ್ತು? ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿತ್ತು? ಈ ನಾಲ್ಕೇ ಪ್ರಶ್ನೆ.

ಪೆಟ್ರೋಲ್ ಎಂಜಿನ್ ಓಡಬೇಕಾದರೆ ಸರಿಯಾದ ಹದದಲ್ಲಿ ಗಾಳಿ-ಪೆಟ್ರೋಲ್ ಮತ್ತು ಸರಿಯಾದ ಹೊತ್ತಿಗೆ ಕಿಡಿ ಬೇಕು. ಹೇಗೆ ನಿಲ್ಲುತ್ತೆ ಅನ್ನೋದರಲ್ಲೇ ಯಾವುದು ತಪ್ಪಿದೆ ಅನ್ನೋ ಸುಳಿವು ಇರುತ್ತೆ.

ಹಾಸನದ ಪೇಟೆಯಲ್ಲಿ ಕಾಲು ತೆಗೆದ ತಕ್ಷಣ ಆಫ್ ಆಗಿ, ಆಕ್ಸಿಲರೇಟರ್ ಒತ್ತಿದರೆ ಚೆನ್ನಾಗಿ ಓಡ್ತಿದ್ರೆ? ಕಾರ್ಬೊರೇಟರಿನ ಸ್ಲೋ ಜೆಟ್ಟಿನಲ್ಲಿ ಕಸ ಕೂತಿರಬಹುದು, ಐಡಲ್ ಸ್ಕ್ರೂ ಸಡಿಲಾಗಿರಬಹುದು, ಎಲ್ಲೋ ಗ್ಯಾಸ್ಕೆಟ್ಟಿನಿಂದ ಗಾಳಿ ಸೋರ್ತಿರಬಹುದು.

ಅರಕಲಗೂಡು ರಸ್ತೆಯಲ್ಲಿ ಯಾರೋ ಕೀ ತಿರುಗಿಸಿದ ಹಾಗೆ ಒಮ್ಮೆಲೇ ನಿಂತರೆ, ಮೊದಲ ಅನುಮಾನ ಕಿಡಿಯ ಮೇಲೆ. ಡಿಸ್ಟ್ರಿಬ್ಯೂಟರ್ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಇಲ್ಲವೇ ಸಡಿಲವಾದ ಒಂದು ವೈರು. ಕಂಡೆನ್ಸರ್ ಮತ್ತು ಕಾಯಿಲ್ ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಏನೂ ಆಗದವರಂತೆ ಕೆಲಸ ಮಾಡೋದುಂಟು.

ಬಿಸಿಲಲ್ಲಿ ದೂರ ಓಡಿಸಿ, ಕಾಫಿಗೆ ಅಂತ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಸ್ಟಾರ್ಟೇ ಆಗದಿದ್ರೆ? ಎಂಜಿನ್ನಿಗೇ ಅಂಟಿಕೊಂಡಿರುವ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿರುತ್ತೆ. ಆವಿಯನ್ನು ಎಳೆಯೋ ಶಕ್ತಿ ಆ ಪಂಪಿಗಿಲ್ಲ. ಹಳೇ ಡ್ರೈವರುಗಳು ಪಂಪಿನ ಮೇಲೆ ಒದ್ದೆಬಟ್ಟೆ ಹಾಕ್ತಿದ್ದದ್ದು ಇದಕ್ಕೇ.

ನಮ್ಮ ಪದ್ಮಿನಿ ಈ ಮೂರಕ್ಕೂ ಸೇರಲಿಲ್ಲ. ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಓಡಿ, ಮೊದಲು ಮುಗ್ಗರಿಸಿ, ಬಾಯಾರಿದವರ ಹಾಗೆ ನಿಧಾನಕ್ಕೆ ಸೊರಗಿ ನಿಲ್ತಿತ್ತು. ಕಾಲು ಗಂಟೆ ಬಿಟ್ಟರೆ ಮತ್ತೆ ಓಡ್ತಿತ್ತು. ಹಾಗಾದರೆ ಪೆಟ್ರೋಲೇ ತಲುಪ್ತಿಲ್ಲ. ಫಿಲ್ಟರ್ ನೋಡಿದೆವು, ಶುದ್ಧವಾಗಿತ್ತು. ಒಬ್ಬ ಮೆಕ್ಯಾನಿಕ್ ಹೊಸ ಕಾರ್ಬೊರೇಟರ್ ಹಾಕಿಸಿ ಅಂದರು.

ಆಗ ನೋಟ್‌ಬುಕ್ಕಿನ ನಾಲ್ಕನೇ ಪ್ರಶ್ನೆ ಕಣ್ಣಿಗೆ ಬಿತ್ತು. ಮೂರು ಸಲ ನಿಂತಿತ್ತು, ಮೂರು ಸಲವೂ ದೂರದ ದಾರಿ ಅಂತ ಅಪ್ಪ ಟ್ಯಾಂಕ್ ಫುಲ್ ಮಾಡಿಸಿದ್ದರು. ಅರ್ಧ ಟ್ಯಾಂಕಿದ್ದಾಗ ಒಮ್ಮೆಯೂ ನಿಂತಿರಲಿಲ್ಲ!

ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಟ್ಯಾಂಕಿನೊಳಗೆ ಬರಬೇಕು. ಕೆಲವು ಕಾರಲ್ಲಿ ಅದಕ್ಕೆ ಮುಚ್ಚಳದಲ್ಲೇ ಸಣ್ಣ ತೂತಿರುತ್ತೆ, ಕೆಲವಲ್ಲಿ ಬೇರೆ ಪೈಪು. ಆ ದಾರಿ ಮುಚ್ಚಿದರೆ ಒಳಗೆ ಗಾಳಿ ತೆಳುವಾಗಿ, ಪಂಪು ಎಳೆದರೂ ಪೆಟ್ರೋಲ್ ಬರಲ್ಲ. ಅರ್ಧ ಟ್ಯಾಂಕಿದ್ದರೆ ಒಳಗೆ ಬೇಕಾದಷ್ಟು ಗಾಳಿ ಇರುತ್ತೆ, ಎರಡು ಮೂರು ಲೀಟರ್ ಖರ್ಚಾದರೂ ತೊಂದರೆ ಗೊತ್ತಾಗಲ್ಲ. ಫುಲ್ ಟ್ಯಾಂಕಲ್ಲಿ ಗಾಳಿ ಇರೋದೇ ಸ್ವಲ್ಪ, ಬೇಗ ಬಿಗಿಯುತ್ತೆ.

ಮುಂದಿನ ಭಾನುವಾರ ಟ್ಯಾಂಕ್ ತುಂಬಿಸಿ ಚನ್ನರಾಯಪಟ್ಟಣದ ಕಡೆ ಹೊರಟೆವು. ನಿರೀಕ್ಷೆಯಂತೆ ನಿಂತಿತು. ರಸ್ತೆಯಿಂದ ಪೂರ್ತಿ ಎಡಕ್ಕೆ ಇಳಿಸಿ ಮುಚ್ಚಳ ತಿರುಗಿಸಿದೆ. 'ಸುಯ್' ಅಂತ ಗಾಳಿ ಒಳಕ್ಕೆ ಎಳೆದುಕೊಂಡಿತು. ಕೂಡಲೇ ಸ್ಟಾರ್ಟ್ ಆಯಿತು.

ಪೆಟ್ರೋಲ್ ಕದೀತಾರೆ ಅಂತ ಅಪ್ಪ ಆರು ತಿಂಗಳ ಹಿಂದೆ ಬೀಗದ ಮುಚ್ಚಳ ಹಾಕಿಸಿದ್ದರು. ಅದರಲ್ಲಿ ತೂತೇ ಇರಲಿಲ್ಲ. ಗಾಳಿ ಆಡುವ ಬೇರೆ ಮುಚ್ಚಳಕ್ಕೆ ಖರ್ಚಾದದ್ದು ನಾಲ್ಕು ಜನರ ಹೋಟೆಲ್ ಊಟಕ್ಕಿಂತ ಕಮ್ಮಿ. ಅದೇ ದಾರಿ, ಅದೇ ಫುಲ್ ಟ್ಯಾಂಕ್, ಅಪ್ಪನೇ ಓಡಿಸಿದರು. ಹೋಗಿ ಬರುವವರೆಗೂ ಎಲ್ಲೂ ನಿಲ್ಲಲಿಲ್ಲ. ಅಪ್ಪ ತಮ್ಮ ಕೈ ಬಗ್ಗೆ ಆಮೇಲೆ ಏನೂ ಹೇಳಿಲ್ಲ.

ನಿಮ್ಮ ಮನೆಯಲ್ಲೂ ಅಂಬಾಸಿಡರೋ ಪದ್ಮಿನಿಯೋ ಇದ್ದರೆ, ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ರಬ್ಬರ್ ಪೈಪುಗಳನ್ನೂ ಒಮ್ಮೆ ಒತ್ತಿ ನೋಡಿ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಆ ಪೆಟ್ರೋಲಿಗೆ ಹಳೇ ರಬ್ಬರ್ ಉಬ್ಬಬಹುದು, ಮೆತ್ತಗಾಗಬಹುದು. ಕಿಡಿ ಪರೀಕ್ಷೆ ಮಾತ್ರ ಪೆಟ್ರೋಲ್ ವಾಸನೆ ಇರುವ ಕಡೆ ಬೇಡ, ಅದನ್ನು ಮೆಕ್ಯಾನಿಕ್ಕಿಗೇ ಬಿಡಿ. ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ.

ಅಪ್ಪನಿಗೆ ಪೆಟ್ರೋಲ್ ಕಳ್ಳರ ಭಯ ಇನ್ನೂ ಹೋಗಿಲ್ಲ. ಈಗ ರಾತ್ರಿ ಗೇಟಿಗೇ ಎರಡು ಬೀಗ ಹಾಕ್ತಾರೆ.