ಅನಿಮೆ ಪಾತ್ರವನ್ನು ಹಚ್ಚಿಕೊಳ್ಳುವುದು ಕಾಯಿಲೆಯೇ? ಅಸುಕಾಳ ಜಂಬ ಮತ್ತು ಅದರ ಹಿಂದಿನ ಗಾಯ

ಮಗಳ ಮೊಬೈಲಿನ ವಾಲ್‌ಪೇಪರ್‌ನಲ್ಲಿ ಕೆಂಪು ಉಡುಪು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗಿಯೊಬ್ಬಳ ಚಿತ್ರ. ಕೀಚೈನ್‌ನಲ್ಲೂ ಅವಳೇ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಅವಳೇ. "ಯಾರೇ ಇವಳು?" ಎಂದು ಅಮ್ಮ ಕೇಳಿದರೆ "ಅಸುಕಾ" ಎಂದಷ್ಟೇ ಉತ್ತರ. ಅದೇ ಹೊತ್ತಿಗೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದು ಬೀಳುತ್ತದೆ. ಕಾರ್ಟೂನ್ ಪಾತ್ರಗಳನ್ನು ಪ್ರೀತಿಸುವುದು ಮಾನಸಿಕ ಕಾಯಿಲೆಯಂತೆ, ಗೆಳೆಯರಿಲ್ಲದ ಮಕ್ಕಳಿಗಷ್ಟೇ ಹೀಗಾಗುತ್ತದಂತೆ, ಕೂಡಲೇ ಎಲ್ಲರಿಗೂ ಕಳಿಸಬೇಕಂತೆ. ಓದಿದ ಅಪ್ಪ ಅಮ್ಮನಿಗೆ ಗಾಬರಿ, ಮಗಳಿಗೆ ಅವಮಾನ.

ಇಂಥ ಸಂದೇಶದಲ್ಲಿ ನಿಜವೆಷ್ಟು? ಒಂದೊಂದಾಗಿ ಬಿಡಿಸಿ ನೋಡೋಣ. ಮುಂದೆ ಆ ಸರಣಿಯ ಕಥೆಯ ಮುಖ್ಯ ತಿರುವುಗಳನ್ನು ಹೇಳಲಿದ್ದೇವೆ. ಇನ್ನೂ ನೋಡದವರು ಗಮನಿಸಿ.

ಯಾರು ಈ ಅಸುಕಾ?

ಅಸುಕಾ ಲ್ಯಾಂಗ್ಲಿ ಸೋರ್ಯು 'ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್' ಎಂಬ ಜಪಾನಿ ಅನಿಮೆ ಸರಣಿಯ ಪಾತ್ರ. ಹಿದೆಆಕಿ ಆನ್ನೋ ನಿರ್ದೇಶಿಸಿದ 26 ಕಂತುಗಳ ಈ ಸರಣಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಟಿವಿ ಟೋಕಿಯೋದಲ್ಲಿ ಪ್ರಸಾರವಾಯಿತು. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ, ಮೊದಲ ಪ್ರಸಾರದ ವೇಳೆ ಹುಟ್ಟಿಯೇ ಇರದ ಒಂದು ತಲೆಮಾರಿನ ಕೈಗೂ ಅದು ಸಿಕ್ಕಿತು.

ಕಥೆಯಲ್ಲಿ ಹದಿನಾಲ್ಕು ವರ್ಷದ ಮಕ್ಕಳು 'ಇವಾ' ಎಂಬ ದೈತ್ಯಾಕಾರಗಳ ಒಳಗೆ ಕುಳಿತು, ಮನುಷ್ಯಕುಲದ ಮೇಲೆ ಎರಗುವ ವಿಚಿತ್ರ ಜೀವಿಗಳ ಜೊತೆ ಹೋರಾಡುತ್ತಾರೆ. ಅಸುಕಾ ಎಂಟನೇ ಕಂತಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಜರ್ಮನಿಯಿಂದ ಬಂದವಳು, ಆ ವಯಸ್ಸಿಗೇ ವಿಶ್ವವಿದ್ಯಾಲಯದ ಪದವಿ ಪಡೆದವಳು, ಕೆಂಪು ಬಣ್ಣದ ಎರಡನೇ ಇವಾದ ಚಾಲಕಿ. ಮಾತು ಬಲು ಖಾರ. "ನೀನೇನು ಪೆದ್ದನಾ?" ಎಂಬರ್ಥದ ಮಾತು ಸದಾ ನಾಲಿಗೆಯ ತುದಿಯಲ್ಲಿ. ಎಲ್ಲದರಲ್ಲೂ ತಾನೇ ಮೊದಲಿರಬೇಕು, ಎಲ್ಲರೂ ತನ್ನನ್ನೇ ನೋಡಬೇಕು ಎಂಬ ಹಟ.

ಈ ಜಂಬ ಎಲ್ಲಿಂದ ಬಂತು ಎಂಬುದು 22ನೇ ಕಂತಿನಲ್ಲಿ ಬಯಲಾಗುತ್ತದೆ. ವಿಜ್ಞಾನಿಯಾಗಿದ್ದ ಅವಳ ತಾಯಿ ಒಂದು ಪ್ರಯೋಗದ ನಂತರ ಮಾನಸಿಕ ಆರೋಗ್ಯ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಬೊಂಬೆಯನ್ನೇ ಮಗಳೆಂದುಕೊಂಡು ಮುದ್ದಾಡುತ್ತಾಳೆ. ನಿಜವಾದ ಮಗಳು ಎದುರಿಗಿದ್ದರೂ ಗುರುತು ಹಿಡಿಯುವುದಿಲ್ಲ. "ನಾನು ಚಾಲಕಿಯಾಗಿ ಆಯ್ಕೆಯಾದೆ, ಇನ್ನಾದರೂ ನನ್ನನ್ನು ನೋಡು" ಎಂದು ಹೇಳಲು ಪುಟ್ಟ ಅಸುಕಾ ಓಡೋಡಿ ಬಂದ ದಿನವೇ ತಾಯಿ ತನ್ನ ಜೀವ ತೆಗೆದುಕೊಂಡಿರುತ್ತಾಳೆ. ಅಂತ್ಯಕ್ರಿಯೆಯಲ್ಲಿ ಆ ಮಗು ಅಳುವುದಿಲ್ಲ. ಇನ್ನು ಮುಂದೆ ಯಾರ ಹಂಗೂ ಬೇಡ, ಒಬ್ಬಳೇ ಬದುಕುತ್ತೇನೆ ಎಂದು ನಿರ್ಧರಿಸುತ್ತದೆ.

ಹಾಗಾಗಿ ಅಸುಕಾಳಿಗೆ 'ಮೊದಲ ಸ್ಥಾನ' ಎಂಬುದು ಬರೀ ಸ್ಪರ್ಧೆಯಲ್ಲ. ಮೊದಲಿಗಳಾಗಿದ್ದರೆ ಮಾತ್ರ ಯಾರಾದರೂ ತನ್ನತ್ತ ನೋಡುತ್ತಾರೆ ಎಂಬುದು ಅವಳ ನಂಬಿಕೆ. ಇವಾದೊಂದಿಗೆ ಮನಸ್ಸು ಹೊಂದಿಕೊಳ್ಳುವ ಅಂಕದಲ್ಲಿ ಜೊತೆಯ ಹುಡುಗ ಶಿಂಜಿ ಅವಳನ್ನು ಹಿಂದೆ ಹಾಕಿದ ಮೇಲೆ ಆ ನಂಬಿಕೆ ಬಿರುಕು ಬಿಡುತ್ತದೆ. ಸೋಲಿನ ಮೇಲೆ ಸೋಲು ಬಂದು, ಕೊನೆಗೆ ಇವಾವನ್ನು ಅಲುಗಾಡಿಸಲೂ ಅವಳಿಗೆ ಆಗುವುದಿಲ್ಲ. ಸರಣಿ ಮಾಡುವ ಮುನ್ನ ಸ್ವತಃ ನಿರ್ದೇಶಕರೇ ಖಿನ್ನತೆಯಿಂದ ಬಳಲಿದ್ದರು; ಅದನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಬರೀ ಗೆರೆಗಳಿಗೆ ಮನಸ್ಸು ಹೇಗೆ ಸೋಲುತ್ತದೆ?

"ಅದು ಚಿತ್ರ ಅಂತ ಗೊತ್ತಿದ್ದೂ ಅಳೋದು ಹೇಗೆ?" ಎಂಬ ಪ್ರಶ್ನೆ ಸಹಜ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಪೆಟ್ಟಿಗೆ, ಅಷ್ಟೇ. ಕಣ್ಣಿಲ್ಲ, ಬಾಯಿಲ್ಲ. ಆದರೂ ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ "ದೊಡ್ಡ ತ್ರಿಕೋನ ದಬ್ಬಾಳಿಕೆ ಮಾಡುತ್ತಿದೆ, ವೃತ್ತ ಹೆದರಿದೆ" ಎಂಬ ಧಾಟಿಯಲ್ಲಿ ಕಥೆ ಹೇಳಿದರು. ಚಲಿಸುವ ಆಕಾರ ಕಂಡರೆ ಅದರ ಹಿಂದೆ ಒಂದು ಮನಸ್ಸನ್ನು ಊಹಿಸುವುದು ನಮ್ಮ ಮಿದುಳಿನ ಸಹಜ ಗುಣ. ತ್ರಿಕೋನಕ್ಕೇ ಹೀಗಾದರೆ, ದೊಡ್ಡ ಕಣ್ಣು, ದನಿ, ಬಾಲ್ಯ, ನೋವು ಎಲ್ಲವೂ ಇರುವ ಪಾತ್ರಕ್ಕೆ ಮನಸ್ಸು ಸೋಲುವುದರಲ್ಲಿ ವಿಚಿತ್ರವೇನಿದೆ?

ಇನ್ನು 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್, ರೇಡಿಯೋ ಹಾಗೂ ಟಿವಿಯ ವ್ಯಕ್ತಿಗಳ ಜೊತೆ ಜನರಿಗೆ ಬೆಳೆಯುವ ಒಮ್ಮುಖ ನಂಟಿನ ಬಗ್ಗೆ ಬರೆದರು. ನಮಗೆ ಅವರು ಹತ್ತಿರದವರೆನಿಸುತ್ತಾರೆ, ಅವರಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ. ಇದನ್ನು 'ಪ್ಯಾರಾಸೋಶಿಯಲ್' ನಂಟು ಎಂದು ಕರೆಯುತ್ತಾರೆ. ಕ್ರಿಕೆಟ್ ಆಟಗಾರ, ಸಿನಿಮಾ ನಟ, ಧಾರಾವಾಹಿಯ ಸೊಸೆ, ಯೂಟ್ಯೂಬ್‌ನಲ್ಲಿ ಅಡುಗೆ ಹೇಳಿಕೊಡುವವರು, ಇವರಲ್ಲಿ ಯಾರನ್ನಾದರೂ 'ನಮ್ಮವರು' ಎಂದುಕೊಂಡಿದ್ದರೆ ಅಂಥ ನಂಟು ನಿಮಗೂ ಇದೆ.

ಜಂಬದವಳೇ ಏಕೆ ಇಷ್ಟವಾಗುತ್ತಾಳೆ?

ಬದುಕಿನಲ್ಲಿ ಸೊಕ್ಕಿನವರನ್ನು ಕಂಡರೆ ದೂರ ಸರಿಯುತ್ತೇವೆ. ಕಥೆಯಲ್ಲಿ ಅಂಥವರನ್ನೇ ಹಚ್ಚಿಕೊಳ್ಳುತ್ತೇವೆ. ಇದಕ್ಕೆ ಮುಖ್ಯ ಕಾರಣವೊಂದಿದೆ: ಕಥೆಯಲ್ಲಿ ನಮಗೆ ಒಳಗಿನದು ಕಾಣಿಸುತ್ತದೆ. ಅಸುಕಾಳ ಜೊತೆಯಲ್ಲೇ ಇರುವ ಶಿಂಜಿಗೆ ಗೊತ್ತಿಲ್ಲದ ಸಂಗತಿ ನೋಡುಗನಿಗೆ ಗೊತ್ತು. ಅವಳ ಗುಟ್ಟು ತಿಳಿದವನು ತಾನೊಬ್ಬನೇ ಎನ್ನಿಸಿದಾಗ ಕಾಪಾಡುವ ಮನಸ್ಸು ತಾನಾಗಿ ಹುಟ್ಟುತ್ತದೆ.

ಹೆಮ್ಮೆಯಲ್ಲೂ ಎರಡು ಬಗೆ ಎನ್ನುತ್ತಾರೆ ಜೆಸಿಕಾ ಟ್ರೇಸಿ ಮತ್ತು ರಿಚರ್ಡ್ ರಾಬಿನ್ಸ್. ಪಟ್ಟ ಶ್ರಮ ಫಲ ಕೊಟ್ಟಾಗ ಮೂಡುವ ಹೆಮ್ಮೆ ಒಂದು. 'ನಾನೇ ಎಲ್ಲರಿಗಿಂತ ಮೇಲು' ಎಂಬ ಜಂಬ ಇನ್ನೊಂದು. ಎರಡನೆಯದು ಅವಮಾನದ ಭಯ ಮತ್ತು ಸಿಟ್ಟಿನ ಜೊತೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಎಂದು 2007ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿತು. ಜೆನ್ನಿಫರ್ ಕ್ರಾಕರ್ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದು ವಿಷಯದ ಮೇಲೆ ಕೆಲಸ ಮಾಡಿದ್ದಾರೆ: ನಮ್ಮ ಬೆಲೆಯನ್ನು ನಾವು ಯಾವುದರ ಮೇಲೆ ನಿಲ್ಲಿಸಿಕೊಂಡಿದ್ದೇವೆ? ಅಂಕ, ರೂಪ, ಗೆಲುವು, ಬೇರೆಯವರ ಮೆಚ್ಚುಗೆ, ಇವುಗಳಲ್ಲಿ ಯಾವುದಕ್ಕೆ ಕಟ್ಟಿಕೊಂಡಿದ್ದೇವೋ ಅದು ಅಲುಗಿದಾಗ ನಾವೂ ಅಲುಗುತ್ತೇವೆ. ಅಸುಕಾ ಒಂದೇ ಗೂಟಕ್ಕೆ ಎಲ್ಲವನ್ನೂ ಕಟ್ಟಿದ್ದಳು. ಒಂದು ಪರೀಕ್ಷೆಯ ಫಲಿತಾಂಶವೇ ತನ್ನ ಬೆಲೆ ಎಂದುಕೊಂಡು ಬೆಳೆದ ಹುಡುಗ ಹುಡುಗಿಯರಿಗೆ ಅವಳ ಕುಸಿತ ಅರ್ಥವಾಗಲು ಜಪಾನಿ ಬರಬೇಕಿಲ್ಲ.

ಮೂರು ತಪ್ಪು ಕಲ್ಪನೆಗಳು

"ಇದು ಮಾನಸಿಕ ಕಾಯಿಲೆ." ಅಲ್ಲ. 2022ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ವಿಡಿಯೋ ಗೇಮ್ ಗೀಳಿಗೆ ಜಾಗವಿದೆ. ಕಾಲ್ಪನಿಕ ಪಾತ್ರದ ಮೇಲಿನ ಪ್ರೀತಿ ಎಂಬ ಹೆಸರಿನ ಕಾಯಿಲೆ ಅದರಲ್ಲಿಲ್ಲ. ಪಾತ್ರ ಕಾಲ್ಪನಿಕವೆಂದು ತಿಳಿದೇ ಪ್ರೀತಿಸುವುದಕ್ಕೂ, ಪಾತ್ರ ನಿಜವಾಗಿ ಬಂದು ತನ್ನೊಡನೆ ಮಾತಾಡುತ್ತಿದೆ ಎಂದು ನಂಬುವುದಕ್ಕೂ ಅಜಗಜಾಂತರ.

"ಗೆಳೆಯರಿಲ್ಲದವರಿಗೆ ಮಾತ್ರ ಹೀಗಾಗುತ್ತದೆ." ಇದೂ ಅಷ್ಟು ಸರಳವಲ್ಲ. 1985ರಲ್ಲಿ ಅಲನ್ ರೂಬಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಟಿವಿ ಸುದ್ದಿ ನೋಡುವವರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂಟಿತನಕ್ಕೂ ಈ ಒಮ್ಮುಖ ನಂಟಿಗೂ ಗಣನೀಯ ಸಂಬಂಧ ಕಾಣಲಿಲ್ಲ. ಇನ್ನೊಂದೆಡೆ, ಮೆಚ್ಚಿನ ಟಿವಿ ಕಾರ್ಯಕ್ರಮಗಳು ಒಂಟಿತನದ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಲ್ಲವು ಎಂದು 2009ರ ಇನ್ನೊಂದು ಅಧ್ಯಯನ ಹೇಳಿದೆ. ಗೆಳೆಯರಿರುವವರಿಗೂ ಈ ನಂಟು ಬೆಳೆಯುತ್ತದೆ. ಒಂಟಿಯಾದವರಿಗೆ ಅದು ಒಂದಿಷ್ಟು ಆಸರೆಯೂ ಆಗುತ್ತದೆ.

"ಇದು ಮೊಬೈಲ್ ಕಾಲದ ಹೊಸ ಹುಚ್ಚು." ಹೆತ್ತ ತಾಯಿಯೇ ಹೊಳೆಯಲ್ಲಿ ತೇಲಿಬಿಟ್ಟ, ಕುಲದ ಮಾತಿಗೆ ಬದುಕಿಡೀ ನೊಂದ, ಆದರೂ ತಲೆ ತಗ್ಗಿಸದ ಕರ್ಣನನ್ನು ನಾವು ಎಷ್ಟು ತಲೆಮಾರುಗಳಿಂದ ಹಚ್ಚಿಕೊಂಡಿದ್ದೇವೆ! 10ನೇ ಶತಮಾನದ ಪಂಪನ 'ವಿಕ್ರಮಾರ್ಜುನ ವಿಜಯ'ಕ್ಕೆ ಅರ್ಜುನನೇ ನಾಯಕನಾದರೂ, ಕವಿಗೆ ಕರ್ಣನ ಮೇಲೆ ಎಷ್ಟು ಅಭಿಮಾನವಿತ್ತು ಎಂಬುದು ಓದಿದವರಿಗೆಲ್ಲ ಗೊತ್ತು. ಯಕ್ಷಗಾನದಲ್ಲಿ ಕರ್ಣ ಸಾಯುವಾಗ ಕಣ್ಣೊರೆಸಿಕೊಳ್ಳುವ ಅಜ್ಜನನ್ನು ಯಾರೂ ರೋಗಿ ಎನ್ನುವುದಿಲ್ಲ.

ಕಥೆಯಿಂದ ಬದುಕಿಗೆ ತರಬಾರದ ಪಾಠ

ಹಾಗೆಂದು ಎಲ್ಲವೂ ಸರಿ ಎನ್ನುತ್ತಿಲ್ಲ. ಮೇಲೆ ಉರಿದುಬೀಳುವ, ಒಳಗೆ ಮೆತ್ತಗಿರುವ ಪಾತ್ರಗಳಿಗೆ ಜಪಾನಿ ಅಭಿಮಾನಿಗಳು 'ತ್ಸುಂದೆರೆ' ಎಂಬ ಹೆಸರಿಟ್ಟಿದ್ದಾರೆ. ಇಂಥ ಕಥೆಗಳನ್ನು ನೋಡಿ ನೋಡಿ, ಬೈಯುವುದೇ ಪ್ರೀತಿಯ ಗುರುತು ಎಂಬ ಭಾವನೆ ಬಂದುಬಿಡಬಹುದು. ಸಂಗಾತಿ ದಿನವೂ ಹೀಯಾಳಿಸಿದರೂ "ಪಾಪ, ಒಳಗೆ ಏನೋ ನೋವಿದೆ, ನಾನು ಸರಿಮಾಡುತ್ತೇನೆ" ಎಂದು ಸಹಿಸಿಕೊಳ್ಳುವುದು ಅಪಾಯ. ಸೊಕ್ಕಿನ ಪ್ರತಿಯೊಬ್ಬರ ಒಳಗೂ ಗಾಯ ಇದ್ದೇ ಇರುತ್ತದೆ ಎಂಬುದು ನಿಜವಲ್ಲ. ಇದ್ದರೂ, ಗಾಯ ಕಾರಣವಾಗಬಹುದೇ ಹೊರತು ಹೊಡೆಯಲು, ಬೈಯಲು ಪರವಾನಗಿಯಾಗದು. ಅಸುಕಾ ಪರದೆಯೊಳಗಿದ್ದಾಳೆ, ಅವಳ ಮಾತು ನಮಗೆ ತಾಗುವುದಿಲ್ಲ. ಬದುಕಿನಲ್ಲಿ ತಾಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ನಿಮ್ಮ ತರಗತಿಯಲ್ಲೋ ಮನೆಯಲ್ಲೋ ಸದಾ ಸಿಡುಕುವ, "ನನಗೆ ಯಾರೂ ಬೇಡ" ಎನ್ನುವ ಹುಡುಗಿ ಇರಬಹುದು. ಅವಳ ಮನದೊಳಗನ್ನು ತೋರಿಸುವ 22ನೇ ಕಂತು ನಮಗೆ ಸಿಗುವುದಿಲ್ಲ. ಕೇಳಿದರಷ್ಟೇ ತಿಳಿದೀತು.

ಯಾವಾಗ ಎಚ್ಚರ ವಹಿಸಬೇಕು?

ಪ್ರೀತಿ ಇದೆಯೇ ಎಂಬುದಕ್ಕಿಂತ ಅದು ಬದುಕನ್ನು ಏನು ಮಾಡುತ್ತಿದೆ ಎಂಬುದನ್ನು ನೋಡಿ. ನಿದ್ದೆ, ಊಟ, ಓದು, ಕೆಲಸ ವಾರಗಟ್ಟಲೆ ಕೆಟ್ಟಿದೆಯೇ? ಇದ್ದ ಗೆಳೆಯರಿಂದ ದೂರ ಸರಿದಿದ್ದಾರೆಯೇ? ಬೊಂಬೆ, ಪೋಸ್ಟರ್‌ಗಳಿಗಾಗಿ ಸಾಲ ಮಾಡುತ್ತಿದ್ದಾರೆಯೇ? ಕಥೆ ಯಾವುದು, ಬದುಕು ಯಾವುದು ಎಂಬ ಗೆರೆ ಮಸುಕಾಗಿದೆಯೇ? "ಅಸುಕಾ ತರಹ ನಾನೂ ಯಾರಿಗೂ ಬೇಡವಾದವಳು", "ಸತ್ತರೆ ಸಾಕು" ಎಂಬಂಥ ಮಾತು ಬರುತ್ತಿದೆಯೇ? ಇಂಥ ಮಾತು ಬಂದರೆ ಪಾತ್ರವನ್ನು ಬೈಯುತ್ತಾ ಕೂರಬೇಡಿ, ಮಾತಿನ ಹಿಂದಿನ ನೋವಿಗೆ ಕಿವಿಗೊಡಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಪರದೆಯ ಬಳಕೆಯೇ ಕೈಮೀರಿದೆ ಎನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕಾಗಿಯೇ 2014ರಲ್ಲಿ ಶುರುವಾದ 'ಶಟ್' ಕ್ಲಿನಿಕ್ ಇದೆ.

ಸರಣಿ ಮುಗಿದ ಮೇಲೆ ಕೆಲವು ದಿನ ಮಂಕಾಗಿರುವುದಕ್ಕೆ ಮಾತ್ರ ಗಾಬರಿಯಾಗಬೇಡಿ. ಮೆಚ್ಚಿನ ಪಾತ್ರ ಪರದೆಯಿಂದ ಮರೆಯಾದರೆ ಏನನ್ನಿಸಬಹುದು ಎಂದು ಜೊನಾಥನ್ ಕೋಹೆನ್ ಇಸ್ರೇಲಿನ ವೀಕ್ಷಕರನ್ನು ಕೇಳಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪ್ತರನ್ನು ಅಗಲಿದಾಗ ಆಗುವಂಥದ್ದೇ ಬೇಸರ, ಆದರೆ ಅದಕ್ಕಿಂತ ಹಗುರ. ಬಿಟ್ಟುಹೋಗುತ್ತಾರೆಂಬ ಆತಂಕ ಸಹಜವಾಗಿಯೇ ಹೆಚ್ಚಿರುವವರಲ್ಲಿ ಅದು ತುಸು ಜಾಸ್ತಿ.

ಫಾರ್ವರ್ಡ್ ಮಾಡುವ ಮುನ್ನ

"ಆ ಬೊಂಬೆಯಲ್ಲಿ ಏನಿದೆ ಅಂತ ಹೀಗಾಡ್ತೀಯ?" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಇವಳ ಕಥೆ ಏನು? ನಿಂಗೆ ಯಾಕೆ ಇಷ್ಟು ಇಷ್ಟ?" ಎಂದು ಕೇಳಿ ನೋಡಿ. ಬಹಳ ಸಲ ಉತ್ತರ ಶುರುವಾಗುವುದು ಪಾತ್ರದಿಂದ, ಬಂದು ನಿಲ್ಲುವುದು ತನ್ನದೇ ವಿಷಯಕ್ಕೆ: ತರಗತಿಯಲ್ಲಿ ಆದ ಅವಮಾನ, ಅಂಕದ ಭಯ, ಯಾರೂ ತನ್ನನ್ನು ಗಮನಿಸುವುದಿಲ್ಲ ಎಂಬ ಕೊರಗು. ನೇರವಾಗಿ ಹೇಳಲಾಗದ್ದನ್ನು ಮಕ್ಕಳು ಕಥೆಯ ಮೂಲಕ ಹೇಳುತ್ತಾರೆ. ಸಾಧ್ಯವಾದರೆ ಒಂದೆರಡು ಕಂತು ಜೊತೆಯಲ್ಲೇ ಕುಳಿತು ನೋಡಿ. ಹಿಂಸೆ, ಲೈಂಗಿಕ ಸನ್ನಿವೇಶಗಳೂ ಇರುವ ಸರಣಿ ಇದು, ಚಿಕ್ಕ ಮಕ್ಕಳಿಗಲ್ಲ ಎಂಬುದೂ ಆಗ ತಿಳಿಯುತ್ತದೆ.

ಅಸುಕಾಳ ತಾಯಿ ಬೊಂಬೆಯನ್ನು ಪ್ರೀತಿಸಿದ್ದೇ ಆ ಕಥೆಯ ದುರಂತವಲ್ಲ, ಕಾಯಿಲೆಯಿಂದಾಗಿ ಎದುರಿಗೆ ನಿಂತ ಮಗಳು ಅವಳಿಗೆ ಕಾಣದೇ ಹೋದದ್ದು. ಅಭಿಮಾನಿಗಳೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ಪಾತ್ರದ ಪ್ರೀತಿಯಿಂದ ಸುತ್ತಲಿನವರು ನನಗೆ ಇನ್ನಷ್ಟು ಕಾಣುತ್ತಿದ್ದಾರೆಯೇ, ಇಲ್ಲಾ ಕಾಣದಾಗುತ್ತಿದ್ದಾರೆಯೇ? ಮನೆಯ ಹಿರಿಯರಿಗೂ ಅದೇ ಪ್ರಶ್ನೆ. ವಾಲ್‌ಪೇಪರ್‌ನಲ್ಲಿರುವ ಹುಡುಗಿಯ ಬಗ್ಗೆ ಗುಂಪಿಗೆ ಸಂದೇಶ ಕಳಿಸುವ ಮುನ್ನ, ಆ ಮೊಬೈಲನ್ನು ಹಿಡಿದ ಹುಡುಗಿಯ ಜೊತೆ ಹತ್ತು ನಿಮಿಷ ಮಾತನಾಡಿ.