ಕುಡುಕನ ಎದುರಿಗೆ ಕೂರುವವರು ಯಾರು?

ಮದ್ಯವ್ಯಸನಿಗಳ ಆಪ್ತಸಮಾಲೋಚನೆ ಕಲಿಸುತ್ತಾರೆಂದು ತಾಲ್ಲೂಕು ಕೇಂದ್ರದ ಒಂದು ತರಬೇತಿ ಶಿಬಿರಕ್ಕೆ ನಾವು ಕೆಲವರು ಹೋಗಿದ್ದೆವು. ಪಾಠ ಮಾಡಲು ಬಂದ ಮಹನೀಯರು ಮೊದಲ ಗಂಟೆಯಲ್ಲೇ ನಮ್ಮ ಕಡೆ ತಿರುಗಿ, 'ನಿಮ್ ಜನ ಯಾಕ್ರೀ ಇಷ್ಟು ಕುಡೀತಾರೆ?' ಎಂದರು.

ನಮ್ಮ ಜನ! ಊರೊಳಗಿನವರು ಬಾಗಿಲು ಹಾಕ್ಕೊಂಡು ಕುಡಿದರೆ ಪಾರ್ಟಿ, ಕೇರಿಯವನು ಕುಡಿದರೆ ಜಾತಿಯ ಗುಣ. ಉತ್ತರ ಹೇಳ್ತೀವಿ ಕೇಳಿ ಸ್ವಾಮಿ. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಕಾನೂನು ಬಂತು. ಗುಂಡಿಗೆ ಇಳಿಸುವುದನ್ನೂ ಸೇರಿಸಿ 2013ರಲ್ಲಿ ಇನ್ನೊಂದು. ಆಮೇಲೂ ಇಳಿಸಿದರು, ಇಳಿದವರು ಸತ್ತರು. ಆ ನಾತಕ್ಕೆ ಬರಿಗಂಟಲಲ್ಲಿ ಇಳಿಯೋಕಾಗುತ್ತಾ? ಇಳಿಸುವವನೇ ಮೊದಲು ಕ್ವಾರ್ಟರ್ ಕೈಗಿಡುತ್ತಾನೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಗಡಂಗು ಮುಚ್ಚಿತು, ಬಾಯಿ ಮುಚ್ಚಲಿಲ್ಲ. ವಿಸ್ಕಿ ಪೊಟ್ಟಣ ಬಂತು, ಖಜಾನೆ ತುಂಬಿತು. ಇದು ಯಾವ ಪಾಠದಲ್ಲಿದೆ?

ನಮ್ಮ ತಪ್ಪೂ ಇದೆ. 'ಇವತ್ತಿಂದ್ಲೇ ಬಿಡ್ಲಾ' ಅಂತ ದೇವರ ಮುಂದೆ ಆಣೆ ಹಾಕಿಸಿದವರು ನಾವೇ. ವರ್ಷಗಟ್ಟಲೆ ದಿನಾ ಕುಡಿದವನು ದಿಢೀರನೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಮೈ ನಡುಗಿ, ಬೆವರಿ, ಗೋಡೆ ಮೇಲೆ ಇಲ್ಲದ ಹುಳ ಹರಿದಾಡುವುದು ಕಾಣಬಹುದು. ಕೇರಿಯಲ್ಲಿ ಗಾಳಿ ಸೋಕಿತು ಅಂತ ಬೇವಿನಸೊಪ್ಪಲ್ಲಿ ಬಡೀತಾರೆ. ಗಾಳಿಯಲ್ಲ ಗೆಳೆಯರೇ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಕಾಯಿಲೆ. ತಡಮಾಡಿದರೆ ಜೀವ ಹೋದೀತು. ಹಳ್ಳಿಯ ಮೇಷ್ಟ್ರು ಮೊದಲು ಕಲಿಯಬೇಕಾದ್ದು ಇದು. ಶಿಬಿರದಲ್ಲಿ ಇದಕ್ಕೆ ಕೊಟ್ಟದ್ದು ಹತ್ತು ನಿಮಿಷ, ಅದೂ ಇಂಗ್ಲಿಷಿನಲ್ಲಿ!

ಕೇಂದ್ರ ಸರ್ಕಾರದ 2019ರ ಸಮೀಕ್ಷೆಯೇ ಹೇಳಿತು: ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಎದುರಿಗೆ ಯಾರು ಕೂರಬೇಕು? ಪದವಿ ಇದ್ದವರೇ ಕೂರಬೇಕಂತೆ. ಗೋವಾದಲ್ಲಿ ಹಾಗೆ ಕಾಯಲಿಲ್ಲ. ಈ ವಿದ್ಯೆ ಓದದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ವಿಪರೀತ ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಮಾತು, ಅಷ್ಟೆ. ಮೂರು ತಿಂಗಳಲ್ಲಿ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದರು. ವೈದ್ಯರ ಮಾಮೂಲಿ ಉಪಚಾರ ಮಾತ್ರ ಸಿಕ್ಕವರಲ್ಲಿ 26. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದ ಲೆಕ್ಕ ಇದು, ನಮ್ಮ ಭಾಷಣವಲ್ಲ.

ಗಂಡನ ಏಟು ತಿಂದೂ ಅವನನ್ನು ಆಸ್ಪತ್ರೆಗೆ ಹೊತ್ತು ಕುಡಿತ ಬಿಡಿಸಿದ ಅಕ್ಕ ನಮ್ಮ ಕೇರಿಯಲ್ಲಿದ್ದಾಳೆ. ಬಿಟ್ಟ ಆ ಭಾವನೂ ಇದ್ದಾನೆ. ತರಬೇತಿಯನ್ನು ಕನ್ನಡದಲ್ಲಿ ಕೊಡಿ, ತಪ್ಪಿದ ಕೂಲಿ ಕಟ್ಟಿಕೊಡಿ, ಆಮೇಲೆ ಸಂಬಳದ ಕೆಲಸ ಕೊಡಿ. ಮುಂದಿನ ಶಿಬಿರಕ್ಕೆ ನಾವು ಇಬ್ಬರ ಹೆಸರು ಬರೆಸಿ ಬಂದಿದ್ದೇವೆ. ವಿದ್ಯಾರ್ಹತೆಯ ಕಾಲಂ ಖಾಲಿ ಬಿಟ್ಟಿದ್ದೇವೆ.